ವೆಬ್ ಪುಟ ಕಲಿಯಲು ಹೊರಟವರಿಗೆ: ಒಂದು ನೋಟ್‌ಪ್ಯಾಡ್ ಸಾಕು, ಶುರು ಮಾಡಿ

ಸೀತಾನದಿ, ಬ್ರಹ್ಮಾವರ

ನಮಸ್ಕಾರ ಎಲ್ಲರಿಗೂ. ಎರಡು ತಿಂಗಳಿಂದ ಪ್ರತಿ ಭಾನುವಾರ ನಮ್ಮೂರಿನ ಲೈಬ್ರರಿಯಲ್ಲಿ ಹತ್ತು ಹನ್ನೆರಡು ಮಂದಿಗೆ ವೆಬ್ ಪುಟ ಬರೆಯುವುದನ್ನು ಹೇಳಿಕೊಡುತ್ತಿದ್ದೇನೆ. ಪಿಯುಸಿ ಮಕ್ಕಳೇ ಜಾಸ್ತಿ, ಜೊತೆಗೆ ಒಬ್ಬರು ಟೈಲರ್, ಒಬ್ಬರು ನಿವೃತ್ತ ಟೀಚರ್. ಇರುವುದು ನಾಲ್ಕು ಹಳೆಯ ಕಂಪ್ಯೂಟರ್. ಆದರೂ ಮೊದಲ ದಿನ ಮನೆಗೆ ಹೊರಡುವಾಗ ಪ್ರತಿಯೊಬ್ಬರದ್ದೂ ಒಂದೊಂದು ಪುಟ ತಯಾರಾಗಿತ್ತು. ಕೋಡಿಂಗ್ ಅಂದರೆ ದೊಡ್ಡ ಕೋರ್ಸು, ದೊಡ್ಡ ಫೀಸು, ಹೊಸ ಲ್ಯಾಪ್‌ಟಾಪು ಅಂತ ಹೆದರಿ ಕೂತವರು ನಮ್ಮ ಕಡೆ ತುಂಬ ಮಂದಿ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ವೆಬ್ ಪುಟ ಅಂದರೆ ಒಂದು ಫೈಲ್. ನೋಟ್‌ಪ್ಯಾಡ್ ತೆರೆಯಿರಿ, ನಿಮ್ಮ ಊರಿನ ಬಗ್ಗೆ ನಾಲ್ಕು ಸಾಲು ಬರೆಯಿರಿ, ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಅಂತ ಹೆಸರು ಕೊಟ್ಟು ಉಳಿಸಿ, ಆ ಫೈಲ್ ಮೇಲೆ ಎರಡು ಸಲ ಒತ್ತಿ. ಬ್ರೌಸರ್ ತೆರೆದುಕೊಂಡು ನೀವು ಬರೆದದ್ದನ್ನು ತೋರಿಸುತ್ತದೆ. ಇದಕ್ಕೆ ಇಂಟರ್ನೆಟ್ಟೂ ಬೇಡ. ಆದರೆ ನಾಲ್ಕು ಸಾಲೂ ಒಂದಕ್ಕೊಂದು ಅಂಟಿಕೊಂಡು ಒಂದೇ ಸಾಲಾಗಿ ಬಂದಿರುತ್ತದೆ. ನಮ್ಮ ಕ್ಲಾಸಿನಲ್ಲಿ ಎಲ್ಲರೂ "ಇದೆಂತ ಹೀಗೆ?" ಅಂತ ಕೇಳಿದ್ದು ಇಲ್ಲೇ. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಯಾಕೆ ಬೇಕು ಅನ್ನುವುದಕ್ಕೆ ಉತ್ತರವೂ ಇಲ್ಲೇ ಇದೆ. ನೀವು ಎಂಟರ್ ಒತ್ತಿದ್ದನ್ನು ಬ್ರೌಸರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯಾವುದು ತಲೆಬರಹ, ಯಾವುದು ಪ್ಯಾರಾ ಅಂತ ನಾವೇ ಗುರುತು ಹಾಕಿ ಹೇಳಬೇಕು. ಆ ಗುರುತಿಗೆ ಟ್ಯಾಗ್ ಅನ್ನುತ್ತಾರೆ.

ಕೋಡನ್ನು ಇಲ್ಲಿ ಅಂಟಿಸಿದರೆ ಚಿಹ್ನೆಗಳು ಕಾಣೆಯಾಗುತ್ತವೆ, ಹಾಗಾಗಿ ಬಾಯಲ್ಲಿ ಹೇಳಿದ ಹಾಗೆ ಬರೆಯುತ್ತೇನೆ. ಪ್ಯಾರಾ ಶುರುವಾಗುವಲ್ಲಿ ಕೋನದ ಆವರಣದೊಳಗೆ ಇಂಗ್ಲಿಷಿನ ಪಿ ಅಕ್ಷರ. ಮುಗಿಯುವಲ್ಲಿ ಅದೇ ಆವರಣದೊಳಗೆ ಮೊದಲು ಓರೆಗೆರೆ, ಆಮೇಲೆ ಪಿ. ತಲೆಬರಹಕ್ಕೆ ಎಚ್ 1, ಅದಕ್ಕಿಂತ ಸಣ್ಣದಕ್ಕೆ ಎಚ್ 2, ಹೀಗೆ ಎಚ್ 6ರವರೆಗೆ. ಚಿತ್ರಕ್ಕೆ ಐಎಂಜಿ. ಇನ್ನೊಂದು ಪುಟಕ್ಕೆ ಕೊಂಡಿ ಹಾಕಲು ಎ. ಮೊದಲ ದಿನ ಇಷ್ಟೇ ಮಾಡಿದೆವು, ಇಷ್ಟು ಸಾಕಾಯಿತು ಕೂಡ.

ಬಣ್ಣ, ಅಕ್ಷರದ ಗಾತ್ರ, ಅಂಚು ಇದೆಲ್ಲ ಸಿಎಸ್‌ಎಸ್‌ನ ಕೆಲಸ. ಒತ್ತಿದರೆ ಏನಾದರೂ ಆಗಬೇಕು, ಲೆಕ್ಕ ಮಾಡಬೇಕು ಅಂದರೆ ಜಾವಾಸ್ಕ್ರಿಪ್ಟ್. ಈ ಮೂರರ ವ್ಯತ್ಯಾಸ ಹೇಳಲು ನಾನು ಒದ್ದಾಡುತ್ತಿದ್ದಾಗ ನಮ್ಮ ಟೀಚರ್ ಒಂದು ಹೋಲಿಕೆ ಕೊಟ್ಟರು. ಎಚ್‌ಟಿಎಂಎಲ್ ಅಂದರೆ ಯಕ್ಷಗಾನ ಪ್ರಸಂಗದ ಪದ್ಯ ಮತ್ತು ಅರ್ಥ (ಮಾತುಗಾರಿಕೆ), ಸಿಎಸ್‌ಎಸ್ ಅಂದರೆ ಬಣ್ಣ ಮತ್ತು ವೇಷ, ಜಾವಾಸ್ಕ್ರಿಪ್ಟ್ ಅಂದರೆ ಕುಣಿತ. ವೇಷ ಕುಣಿತ ಎರಡೂ ಇಲ್ಲದಿದ್ದರೂ ತಾಳಮದ್ದಳೆ ಆಗುತ್ತದೆ ಅಲ್ವಾ, ಕೇಳುವವರಿಗೆ ಕಥೆಯಲ್ಲಿ ಏನೂ ಕಡಿಮೆ ಆಗುವುದಿಲ್ಲ. ಹಾಗೆಯೇ ಬರೀ ಎಚ್‌ಟಿಎಂಎಲ್ ಇರುವ ಪುಟವೂ ಪೂರ್ತಿ ಪುಟವೇ. ಈ ಮಾತು ನನ್ನ ಕಲಿಸುವ ಕ್ರಮವನ್ನೇ ಬದಲಿಸಿತು. ಈಗ ಪದ್ಯ ಸರಿಯಾಗುವವರೆಗೆ ನಾನು ಬಣ್ಣದ ಪೆಟ್ಟಿಗೆ ಬಿಚ್ಚುವುದಿಲ್ಲ.

ನೀವೆಲ್ಲ ಹೇಗೆ ಕಲಿತಿರಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಬರೆಯಿರಿ. "ಈ ಸೈಟು ಎಲ್ಲಿ ಇರುತ್ತದೆ?" ಅಂತ ಮಕ್ಕಳು ಕೇಳಿದರೆ ಹೇಗೆ ವಿವರಿಸುತ್ತೀರಿ ಅಂತಲೂ ಹೇಳಿ.

ಮಲ್ಲಿಗೆ ಅಂಗಳ, ಶಂಕರಪುರ

ನಾನು ಬಿಕಾಂ ಕೊನೆಯ ವರ್ಷ. ಕಂಪ್ಯೂಟರ್ ಅಂದರೆ ಟ್ಯಾಲಿ ಮತ್ತು ಎಕ್ಸೆಲ್ ಮಾತ್ರ ಗೊತ್ತು. ನಮ್ಮ ಮನೆಯಲ್ಲಿ ಅಮ್ಮನ ಮಲ್ಲಿಗೆ ಗಿಡಗಳಿವೆ. ಬೆಳಿಗ್ಗೆ ಮೊಗ್ಗು ಕೊಯ್ದು ಕಟ್ಟಿ ಮುಗಿಸುವಷ್ಟರಲ್ಲಿ ಫೋನು ಶುರುವಾಗುತ್ತದೆ, ಇವತ್ತು ಅಟ್ಟೆಗೆ (ಹೂ ಮಾರುವ ಅಳತೆ) ಎಷ್ಟು, ನಾಡಿದ್ದು ಮದುವೆಗೆ ಎಷ್ಟು ಸಿಗಬಹುದು ಅಂತ. ಮದುವೆ ಸೀಸನ್ನಿನಲ್ಲಿ ಕೈಯಲ್ಲಿ ಬಾಳೆನಾರು ಹಿಡಿದುಕೊಂಡೇ ಅಮ್ಮ ಮಾತಾಡಬೇಕು. ದರ ದಿನಾ ಬದಲಾಗುತ್ತದೆ. ಅದನ್ನು ಒಂದು ಪುಟದಲ್ಲಿ ಹಾಕಿ ಕೊಂಡಿ ಕಳಿಸಿದರೆ ಹೇಗೆ ಅಂತ ತುಂಬ ದಿನದಿಂದ ಯೋಚನೆ ಇದೆ. ನನ್ನಂಥವಳಿಂದ ಆಗುತ್ತದಾ? ಎಷ್ಟು ದಿನ ಬೇಕು?

ಹಂಪನಕಟ್ಟೆ, ಮಂಗಳೂರು

ನಾನು ಹದಿನೈದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಬೇಡಿ. ಈ ಕಾಲದಲ್ಲಿ ನೋಟ್‌ಪ್ಯಾಡಿನಲ್ಲಿ ಟ್ಯಾಗ್ ಕುಟ್ಟುವುದು ಸಮಯ ಹಾಳು. ವರ್ಡ್‌ಪ್ರೆಸ್ ಇದೆ, ಎಳೆದು ಇಡುವ ರೆಡಿಮೇಡ್ ಸಾಧನಗಳಿವೆ, ಈಗಂತೂ ಎಐಗೆ ಕೇಳಿದರೆ ನಿಮಿಷದಲ್ಲಿ ಇಡೀ ಪುಟ ಬರೆದು ಕೊಡುತ್ತದೆ. ಶಂಕರಪುರದವರಿಗೆ ಬೇಕಾಗಿರುವುದು ಮಲ್ಲಿಗೆ ದರದ ಪುಟ, ಎಚ್‌ಟಿಎಂಎಲ್ ಪಾಂಡಿತ್ಯ ಅಲ್ಲವಲ್ಲ. ಅವರ ಕೆಲಸ ಬೇಗ ಆಗುವ ದಾರಿ ತೋರಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಸೀತಾನದಿ, ಬ್ರಹ್ಮಾವರ

ಹಂಪನಕಟ್ಟೆಯವರೇ, ಬೇಜಾರೇನಿಲ್ಲ. ಎಐ ಬಳಸಬೇಡಿ ಅಂತ ನಾನು ಕ್ಲಾಸಿನಲ್ಲೂ ಹೇಳುವುದಿಲ್ಲ. ಆದರೆ ಮೂರನೇ ಭಾನುವಾರ ನಡೆದದ್ದನ್ನು ಹೇಳುತ್ತೇನೆ. ಒಬ್ಬ ಹುಡುಗ ಎಐಯಿಂದ ಚಂದದ ಪುಟ ಮಾಡಿಸಿಕೊಂಡು ಬಂದಿದ್ದ. ಫೋನಿನಲ್ಲಿ ತೆರೆದರೆ ಅಕ್ಷರವೆಲ್ಲ ಸಾಸಿವೆ ಕಾಳಿನಷ್ಟು. ಪುಟದ ತಲೆಭಾಗದಲ್ಲಿ ಇರಬೇಕಾದ ವ್ಯೂಪೋರ್ಟ್ ಅನ್ನುವ ಒಂದು ಸಾಲು ಅವನು ಕಾಪಿ ಮಾಡುವಾಗ ಬಿಟ್ಟುಹೋಗಿತ್ತು. ಆ ಸಾಲು ಇಲ್ಲದಿದ್ದರೆ ಫೋನು ಅದನ್ನು ಕಂಪ್ಯೂಟರಿನ ಅಗಲದ ಪುಟ ಅಂತ ತಿಳಿದು ಕುಗ್ಗಿಸಿ ತೋರಿಸುತ್ತದೆ. ಅವನಿಗೆ ಎಲ್ಲಿ ನೋಡಬೇಕು ಅಂತಲೇ ಗೊತ್ತಿರಲಿಲ್ಲ, ಮತ್ತೆ ಮತ್ತೆ "ಸರಿ ಮಾಡಿಕೊಡು" ಅಂತ ಎಐಗೇ ಕೇಳುತ್ತಿದ್ದ, ಪ್ರತಿ ಸಲ ಇನ್ನೂರು ಸಾಲು ಹೊಸದು ಬರುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಟೈಲರ್ ಅಣ್ಣ, ಬರೀ ಎರಡು ವಾರ ಟ್ಯಾಗ್ ಕುಟ್ಟಿದವರು, ತನ್ನ ಪುಟದ ಜೊತೆ ಹೋಲಿಸಿ ನೋಡಿ ಆ ಸಾಲು ಇಲ್ಲ ಅಂತ ಹೇಳಿದರು.

ಇನ್ನೊಂದು ಕಾರಣವೂ ಇದೆ. ಟಿಮ್ ಬರ್ನರ್ಸ್-ಲೀ 1989ರಲ್ಲಿ ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದಲ್ಲಿ ವೆಬ್‌ನ ಯೋಜನೆ ಮುಂದಿಟ್ಟರು. 1991ರಲ್ಲಿ ಅದು ಹೊರಗಿನವರಿಗೂ ಸಿಕ್ಕಿತು. 1993ರ ಏಪ್ರಿಲ್ 30ರಂದು ಸರ್ನ್ ಅದನ್ನು ಯಾರು ಬೇಕಾದರೂ ಫೀಸು ಕೊಡದೆ ಬಳಸಬಹುದು ಅಂತ ಬಿಟ್ಟುಕೊಟ್ಟಿತು. ಆ ಮೊದಲ ಪುಟ ಇವತ್ತಿನ ಬ್ರೌಸರಿನಲ್ಲೂ ತೆರೆಯುತ್ತದೆ, ನಾನು ಮಕ್ಕಳಿಗೆ ತೋರಿಸಿದೆ. ಕಂಟ್ರೋಲ್ ಮತ್ತು ಯು ಒತ್ತಿದರೆ ಅದರ ಕೋಡೂ ಕಾಣುತ್ತದೆ. ತಲೆಬರಹ, ಪ್ಯಾರಾ, ಕೊಂಡಿ, ಅವರು ಕಲಿತದ್ದೇ ಅಲ್ಲಿದೆ. ಯಾವ ಪುಟದ ಒಳಗನ್ನಾದರೂ ಹೀಗೆ ಕೇಳದೆ ಇಣುಕಿ ನೋಡಬಹುದು, ನೋಡಿ ಕಲಿಯಬಹುದು. ಬೇರೆ ಯಾವ ಕಸುಬಿನಲ್ಲಿ ಇಷ್ಟು ತೆರೆದ ಬಾಗಿಲು ಇದೆ ಹೇಳಿ?

ಮಲ್ಲಿಗೆ ಅಂಗಳದವರೇ, ಖಂಡಿತ ಆಗುತ್ತದೆ. ಮೊದಲ ಪುಟಕ್ಕೆ ಒಂದು ಸಂಜೆ ಸಾಕು. ತಲೆಬರಹ, ಇವತ್ತಿನ ತಾರೀಕು, ದರ, ಇಷ್ಟನ್ನೇ ಬರೆದು ಇಲ್ಲಿ ಹೇಳಿ.

ನೇತ್ರಾವತಿ ದಂಡೆ, ಬಂಟ್ವಾಳ

ಸೈಟು ಎಲ್ಲಿರುತ್ತದೆ ಅನ್ನುವ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ನೆಟ್‌ವರ್ಕ್ ನನ್ನ ಕೆಲಸ, ಇದನ್ನು ವಿವರಿಸುವುದು ನನಗೆ ಇಷ್ಟ.

ನೀವು ಮಾಡಿದ ಆ ಫೈಲ್ ಸದ್ಯ ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಇದೆ. ಅದನ್ನು ಹಗಲು ರಾತ್ರಿ ಚಾಲೂ ಇರುವ, ಯಾರು ಕೇಳಿದರೂ ಕೊಡುವ ಇನ್ನೊಂದು ಕಂಪ್ಯೂಟರಿನಲ್ಲಿ ಇಟ್ಟರೆ ಅದು ಸೈಟ್ ಆಯಿತು. ಆ ಕಂಪ್ಯೂಟರಿಗೆ ಸರ್ವರ್ ಅನ್ನುತ್ತಾರೆ, ಅಲ್ಲಿ ಜಾಗ ಪಡೆಯುವುದಕ್ಕೆ ಹೋಸ್ಟಿಂಗ್ ಅನ್ನುತ್ತಾರೆ. ಸರ್ವರ್ ಅಂದರೆ ಬೇರೆ ಜಾತಿಯ ಯಂತ್ರ ಅಂತ ಮಕ್ಕಳು ಅಂದುಕೊಳ್ಳುತ್ತಾರೆ, ಹಾಗೇನಿಲ್ಲ. ನಿಮ್ಮ ಲೈಬ್ರರಿಯ ಹಳೆಯ ಕಂಪ್ಯೂಟರನ್ನೂ ಸರ್ವರ್ ಮಾಡಬಹುದು.

ಈಗ ಒಬ್ಬರು ಬ್ರೌಸರಿನಲ್ಲಿ ಸೈಟಿನ ಹೆಸರು ಬರೆದು ಎಂಟರ್ ಒತ್ತಿದರು. ಯಂತ್ರಗಳಿಗೆ ಹೆಸರಿನಿಂದ ಪ್ರಯೋಜನ ಇಲ್ಲ, ಅವಕ್ಕೆ ಸಂಖ್ಯೆ ಬೇಕು. ಅದೇ ಐಪಿ ವಿಳಾಸ. ಹಳೆಯ ಕ್ರಮದಲ್ಲಿ ಅದು ನಾಲ್ಕು ಸಂಖ್ಯೆ, ಪ್ರತಿಯೊಂದೂ 0ಯಿಂದ 255ರೊಳಗೆ. ಹೆಸರಿನಿಂದ ಈ ಸಂಖ್ಯೆ ಹುಡುಕುವುದು ನಮ್ಮ ಕಡೆ ಗೊತ್ತಿಲ್ಲದ ಮನೆ ಹುಡುಕಿದ ಹಾಗೆಯೇ. ನೀವು ಯಾರದ್ದೋ ಮನೆಗೆ ಹೋಗಬೇಕು, ದಾರಿ ಗೊತ್ತಿಲ್ಲ. ಮೊದಲು ಪೇಟೆಯಲ್ಲಿ ಕೇಳುತ್ತೀರಿ. ಅವರು ಹೇಳುತ್ತಾರೆ, "ನನಗೆ ಮನೆ ಗೊತ್ತಿಲ್ಲ, ಕೈಕಂಬಕ್ಕೆ ಹೋಗಿ ಅಲ್ಲಿ ಕೇಳಿ." ಕೈಕಂಬದ ಅಂಗಡಿಯವರು, "ಆ ವಠಾರವಾ, ದೈವಸ್ಥಾನದ ಹತ್ತಿರ ಕೇಳಿ" ಅನ್ನುತ್ತಾರೆ. ದೈವಸ್ಥಾನದ ಹತ್ತಿರದವರು ಮನೆಯನ್ನೇ ತೋರಿಸುತ್ತಾರೆ. ಹೆಸರಿನಿಂದ ಸಂಖ್ಯೆ ಹುಡುಕಿಕೊಡುವ ಪದ್ಧತಿ, ಅಂದರೆ ಡಿಎನ್‌ಎಸ್, ಕೆಲಸ ಮಾಡುವುದು ಹೀಗೆಯೇ. ಮೊದಲು ಎಲ್ಲಕ್ಕಿಂತ ಮೇಲಿನ ರೂಟ್ ಸರ್ವರ್‌ಗೆ ಕೇಳಿದರೆ ಅದು "ಡಾಟ್ ಇನ್ ನೋಡಿಕೊಳ್ಳುವವರನ್ನು ಕೇಳು" ಅನ್ನುತ್ತದೆ, ಅವರು "ಈ ಹೆಸರಿನ ಲೆಕ್ಕ ಇಂಥವರ ಹತ್ತಿರ ಇದೆ" ಅನ್ನುತ್ತಾರೆ, ಕೊನೆಯವರು ಐಪಿ ವಿಳಾಸ ಕೊಡುತ್ತಾರೆ. ರೂಟ್ ಸರ್ವರ್‌ಗೆ ಎ ಯಿಂದ ಎಂ ವರೆಗೆ 13 ಹೆಸರುಗಳಿವೆ, ಅವುಗಳ ಪ್ರತಿಗಳು ಲೋಕದಲ್ಲೆಲ್ಲ ಸಾವಿರಕ್ಕೂ ಮಿಕ್ಕಿ ಇವೆ. ಒಮ್ಮೆ ಸಿಕ್ಕಿದ ಉತ್ತರವನ್ನು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುವುದರಿಂದ ಪ್ರತಿ ಸಲ ಇಷ್ಟು ಅಲೆಯಬೇಕಾಗಿಲ್ಲ. ಈ ಪದ್ಧತಿ ಬಂದದ್ದು 1983ರಲ್ಲಿ, ರೂಪಿಸಿದವರು ಪಾಲ್ ಮೋಕಾಪೆಟ್ರಿಸ್. ಅದಕ್ಕೆ ಮೊದಲು ಎಲ್ಲ ಕಂಪ್ಯೂಟರುಗಳ ಹೆಸರನ್ನೂ ಒಂದೇ ಪಟ್ಟಿಯಲ್ಲಿ ಬರೆದು ಹಂಚುತ್ತಿದ್ದರು!

ಸುಮ್ನೆ ಕೈಕಂಬ ಅಂದರೆ ಸಾಲದು, ಗುರುಪುರ ಕೈಕಂಬವಾ, ಬಿ.ಸಿ. ರೋಡ್ ಕೈಕಂಬವಾ ಅಂತ ಹೇಳಬೇಕು, ಅಲ್ವಾ? ಸೈಟಿನ ಹೆಸರಿಗೆ ಡಾಟ್ ಇನ್, ಡಾಟ್ ಕಾಮ್ ಅಂತ ಬಾಲ ಇರುವುದೂ ಹಾಗೆಯೇ.

ವಿಳಾಸ ಸಿಕ್ಕಿದ ಮೇಲೆ ಬ್ರೌಸರ್ ಆ ಸರ್ವರ್‌ಗೆ "ಈ ಪುಟ ಕೊಡು" ಅಂತ ಕೇಳುತ್ತದೆ. ಇದ್ದರೆ 200 ಅನ್ನುವ ಸಂಖ್ಯೆಯ ಜೊತೆ ಪುಟ ಬರುತ್ತದೆ, ಇಲ್ಲದಿದ್ದರೆ 404. ಪುಟ ಇಡಿಯಾಗಿ ಬರುವುದಿಲ್ಲ, ಸುಮಾರು 1500 ಬೈಟಿನ ಸಣ್ಣ ಸಣ್ಣ ಕಟ್ಟುಗಳಾಗಿ ಬರುತ್ತದೆ. ಮೊದಲು ಎಚ್‌ಟಿಎಂಎಲ್ ಬರುತ್ತದೆ. ಅದನ್ನು ಓದುತ್ತಾ ಹೋದಂತೆ ಬ್ರೌಸರ್‌ಗೆ "ಓ, ಇಲ್ಲಿ ಒಂದು ಫೋಟೋ ಬೇಕು, ಇಲ್ಲಿ ಒಂದು ಸಿಎಸ್‌ಎಸ್ ಬೇಕು" ಅಂತ ಗೊತ್ತಾಗಿ ಒಂದೊಂದಕ್ಕೂ ಬೇರೆ ಬೇರೆ ಬೇಡಿಕೆ ಕಳಿಸುತ್ತದೆ. ಎಫ್ 12 ಒತ್ತಿ ನೆಟ್‌ವರ್ಕ್ ಅನ್ನುವ ಭಾಗ ತೆರೆದು ಪುಟವನ್ನು ಮತ್ತೆ ಲೋಡ್ ಮಾಡಿ ನೋಡಿ, ಎಲ್ಲ ಬೇಡಿಕೆಗಳೂ ಸಾಲಾಗಿ ಕಾಣುತ್ತವೆ. ಇದನ್ನು ಮಕ್ಕಳಿಗೆ ತಪ್ಪದೆ ತೋರಿಸಿ. ನಾನು ಹೇಳಿದ್ದಕ್ಕಿಂತ ಅದು ಚೆನ್ನಾಗಿ ಅರ್ಥ ಮಾಡಿಸುತ್ತದೆ.

ದೂರದ ಲೆಕ್ಕವೂ ಇದೆ. ಫೈಬರ್ ಕೇಬಲ್ಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸರ್ವರ್ 10,000 ಕಿಲೋಮೀಟರ್ ದೂರ ಇದ್ದರೆ ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಕಡಿಮೆ ಅಂದರೂ ಸೆಕೆಂಡಿನ ಹತ್ತರಲ್ಲಿ ಒಂದು ಭಾಗ. ಪುಟದಲ್ಲಿ ಬೇಡಿಕೆಗಳು ಜಾಸ್ತಿ ಆದಷ್ಟೂ ಈ ಹೊತ್ತು ಕೂಡುತ್ತಾ ಹೋಗುತ್ತದೆ. ಅದಕ್ಕೇ ಪುಟ ಹಗುರ ಇರಲಿ ಅಂತ ಹೇಳುವುದು.

ಮಟ್ಟುಗುಳ್ಳ, ಕಟಪಾಡಿ

ಈ ಕೈಕಂಬದ ವಿವರಣೆ ನಾಲ್ಕು ವರ್ಷ ಮೊದಲು ಸಿಕ್ಕಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು. ನನ್ನದು ಸಣ್ಣ ಅಂಗಡಿ. ಒಬ್ಬರು ಸೈಟ್ ಮಾಡಿಕೊಡುತ್ತೇನೆ ಅಂದರು, ಒಟ್ಟಿಗೆ ಒಂದು ಮೊತ್ತ ಕೊಟ್ಟೆ. ಡೊಮೈನ್ (ಸೈಟಿನ ಹೆಸರು) ಅಂದರೆ ಏನು, ಹೋಸ್ಟಿಂಗ್ ಅಂದರೆ ಏನು, ಕೇಳಲಿಲ್ಲ. ಎರಡು ವರ್ಷ ಸರಿಯಾಗಿತ್ತು. ಒಂದು ದಿನ ಸೈಟ್ ಮಾಯ. ಕೇಳಿದರೆ ಹೆಸರಿನ ಅವಧಿ ಮುಗಿದಿದೆ. ಹೆಸರು ಇದ್ದದ್ದು ಅವರ ಖಾತೆಯಲ್ಲಿ, ನನ್ನದರಲ್ಲಿ ಅಲ್ಲ. ಅವರು ಈ ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿದ್ದರು. ಕೊನೆಗೆ ಆ ಹೆಸರು ಬೇರೆ ಯಾರದ್ದೋ ಕೈಗೆ ಹೋಯಿತು. ಬೋರ್ಡು, ಬಿಲ್ ಬುಕ್ಕು, ಕೈಚೀಲ, ಎಲ್ಲದರ ಮೇಲೂ ಅದೇ ಹೆಸರು ಅಚ್ಚಾಗಿತ್ತು. ಎಲ್ಲವನ್ನೂ ಮತ್ತೆ ಮಾಡಿಸಿದೆ.

ಹೊಸಬರು ಕೋಡ್ ಕಲಿಯಲಿ ಬಿಡಲಿ, ಇಷ್ಟು ತಿಳಿದುಕೊಳ್ಳಿ. ಡೊಮೈನ್ ಅನ್ನು ಪೂರ್ತಿ ಕೊಂಡುಕೊಳ್ಳುವ ಹಾಗಿಲ್ಲ, ಅದು ವರ್ಷ ವರ್ಷದ ಬಾಡಿಗೆ. ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರ್ ಕೊಟ್ಟು ನೀವೇ ನೋಂದಾಯಿಸಿ. ಸೈಟ್ ಮಾಡುವವರು ಬದಲಾಗಬಹುದು, ಹೆಸರು ನಿಮ್ಮ ಹತ್ತಿರ ಇದ್ದರೆ ಇನ್ನೊಂದು ಸರ್ವರ್ ಕಡೆಗೆ ತಿರುಗಿಸಿದರೆ ಆಯಿತು. ಮತ್ತೆ, ಬ್ರೌಸರಿನಲ್ಲಿ ವಿಳಾಸದ ಪಕ್ಕ ಕಾಣುತ್ತಿದ್ದ ಬೀಗದ ಚಿಹ್ನೆಗೆ ಅಂತ ನನ್ನಿಂದ ಪ್ರತಿ ವರ್ಷ ಬೇರೆ ದುಡ್ಡು ತೆಗೆದುಕೊಳ್ಳುತ್ತಿದ್ದರು. ಅದು ಉಚಿತವಾಗಿಯೂ ಸಿಗುತ್ತದೆ ಅಂತ ಆಮೇಲೆ ತಿಳಿಯಿತು.

ನೇತ್ರಾವತಿ ದಂಡೆ, ಬಂಟ್ವಾಳ

ಹೌದು, ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಅದನ್ನು 2015ರಿಂದ ಉಚಿತವಾಗಿ ಕೊಡುತ್ತಿದೆ. ಬೀಗದ ಬಗ್ಗೆ ಇನ್ನೊಂದು ವಿಷಯ. ಬೀಗ ಅಂದರೆ ಆ ಸೈಟಿಗೆ ಎಚ್‌ಟಿಟಿಪಿಎಸ್ ಇದೆ ಅಂತ. ಅದು ಇದ್ದರೆ ನಿಮ್ಮ ಮತ್ತು ಸರ್ವರ್ ನಡುವಿನ ಮಾತು ದಾರಿಯಲ್ಲಿ ಬೇರೆಯವರಿಗೆ ಓದಲು ಸಿಗುವುದಿಲ್ಲ. ಆ ಸೈಟಿನವರು ಒಳ್ಳೆಯವರು ಅಂತ ಅದರ ಅರ್ಥ ಅಲ್ಲ. ಮೋಸದ ಸೈಟಿಗೂ ಎಚ್‌ಟಿಟಿಪಿಎಸ್ ಇರುತ್ತದೆ. ಇದನ್ನು ಮನೆಯ ಹಿರಿಯರಿಗೂ ಹೇಳಿ.

ಮಲ್ಲಿಗೆ ಅಂಗಳ, ಶಂಕರಪುರ

ಪುಟ ಮಾಡಿದೆ! ಮೊದಲ ಸಲ ತೆರೆದಾಗ ಕೋಡೇ ಕಂಡಿತು, ಪುಟ ಕಾಣಲಿಲ್ಲ. ಆಮೇಲೆ ನೋಡಿದರೆ ಫೈಲಿನ ಹೆಸರಿನ ಕೊನೆಗೆ ಡಾಟ್ ಟಿಎಕ್ಸ್‌ಟಿ ತಾನಾಗಿ ಸೇರಿಕೊಂಡಿತ್ತು, ವಿಂಡೋಸ್ ಅದನ್ನು ಅಡಗಿಸಿ ಇಡುತ್ತದೆ ಅಂತ ಗೊತ್ತಿರಲಿಲ್ಲ. ಅದು ಸರಿಯಾಯಿತು. ಈಗ ಎರಡು ತೊಂದರೆ. ಗಿಟ್‌ಹಬ್ ಪೇಜಸ್ ಅನ್ನುವ ಹೋಸ್ಟಿಂಗ್ ಉಚಿತ ಅಂತ ಅಲ್ಲಿಗೆ ಹಾಕಿದೆ, ನನ್ನ ಕಂಪ್ಯೂಟರಿನಲ್ಲಿ ಕಾಣುತ್ತಿದ್ದ ಮಲ್ಲಿಗೆ ಫೋಟೋ ಅಲ್ಲಿ ಕಾಣುತ್ತಿಲ್ಲ. ಇನ್ನೊಂದು, ಅಪ್ಪ ಹಿಂದೆ ಟೈಪ್ ಮಾಡಿಟ್ಟಿದ್ದ ಕನ್ನಡ ಬರಹವನ್ನು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಸ ಬರುತ್ತಿದೆ.

ಸೀತಾನದಿ, ಬ್ರಹ್ಮಾವರ

ಭೇಷ್! ಕಲಿತವರೆಲ್ಲ ಬಿದ್ದು ಎದ್ದ ಗುಂಡಿಗಳೇ ಇವು.

ಫೋಟೋಗೆ ನೀವು ಕೊಟ್ಟ ದಾರಿ ಸಿ ಡ್ರೈವಿನಿಂದ ಶುರುವಾಗಿದೆಯಾ ನೋಡಿ. ಆ ದಾರಿ ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಇರುವುದು. ಫೋಟೋವನ್ನು ಪುಟದ ಜೊತೆ ಒಂದೇ ಫೋಲ್ಡರಿನಲ್ಲಿಟ್ಟು ಬರೀ ಅದರ ಹೆಸರು ಬರೆಯಿರಿ. ದೊಡ್ಡಕ್ಷರ ಸಣ್ಣಕ್ಷರ ಕೂಡ ನೋಡಿ. ಕ್ಯಾಮೆರಾ ಜೆಪಿಜಿ ಅಂತ ದೊಡ್ಡಕ್ಷರದಲ್ಲಿ ಇಟ್ಟು ನೀವು ಸಣ್ಣಕ್ಷರದಲ್ಲಿ ಬರೆದರೆ ವಿಂಡೋಸ್ ಸುಮ್ಮನಿರುತ್ತದೆ, ಸರ್ವರ್ ಒಪ್ಪುವುದಿಲ್ಲ. ಎಲ್ಲ ಫೈಲ್ ಹೆಸರನ್ನೂ ಸಣ್ಣಕ್ಷರದಲ್ಲೇ ಇಡಿ, ನಡುವೆ ಖಾಲಿ ಜಾಗ ಬಿಡಬೇಡಿ. ಫೋನಿನ ಫೋಟೋ 4 ಎಂಬಿ ಇದ್ದರೆ ಕುಗ್ಗಿಸಿ. ಅಂಥ ಹನ್ನೆರಡು ಹಾಕಿದರೆ 48 ಎಂಬಿ. ಘಟ್ಟದ ಬುಡದ ನೆಟ್‌ವರ್ಕಿನಲ್ಲಿ ಅದನ್ನು ಯಾರು ಕಾಯುತ್ತಾರೆ?

ಕನ್ನಡದ ತೊಂದರೆಗೆ ಮೊದಲು ಕಾಣುತ್ತಿರುವುದು ಏನು ಅಂತ ನೋಡಬೇಕು, ಕಾಯಿಲೆ ಅದರಿಂದಲೇ ಗೊತ್ತಾಗುತ್ತದೆ. ಬರೀ ಪ್ರಶ್ನೆ ಚಿಹ್ನೆ ಕಂಡರೆ ಉಳಿಸುವಾಗಲೇ ಕನ್ನಡ ಕಳೆದುಹೋಗಿದೆ, ಹಳೆಯ ನೋಟ್‌ಪ್ಯಾಡ್ ಆನ್ಸಿ ಅನ್ನುವ ಕ್ರಮದಲ್ಲಿ ಉಳಿಸಿದರೆ ಹೀಗಾಗುತ್ತದೆ, ಮತ್ತೆ ಟೈಪ್ ಮಾಡಿ ಯುಟಿಎಫ್-8ರಲ್ಲಿ ಉಳಿಸಬೇಕು. ತಲೆಯ ಮೇಲೆ ಗೆರೆ ಇರುವ ವಿಚಿತ್ರ ಎ ಅಕ್ಷರಗಳು ಸಾಲಾಗಿ ಕಂಡರೆ ಬರಹ ಸುರಕ್ಷಿತ ಇದೆ, ಪುಟದ ತಲೆಭಾಗದಲ್ಲಿ ಚಾರ್‌ಸೆಟ್ ಯುಟಿಎಫ್-8 ಅನ್ನುವ ಸಾಲು ಮಾತ್ರ ಇಲ್ಲ. ಖಾಲಿ ಚೌಕಗಳು ಕಂಡರೆ ನೋಡುವವರ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ, ನೋಟೋ ಸಾನ್ಸ್ ಕನ್ನಡದಂಥ ಫಾಂಟನ್ನು ಪುಟದ ಜೊತೆಗೇ ಕಳಿಸಬಹುದು. ನಿಮ್ಮದು ನಾಲ್ಕನೆಯದು. ಅಪ್ಪ ಟೈಪ್ ಮಾಡಿದ್ದು 'ನುಡಿ' ಅಥವಾ 'ಬರಹ' ಅನ್ನುವ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಇರಬೇಕು. ಅದರಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಖ್ಯೆಗಳೇ, ಮೇಲೆ ಕನ್ನಡದ ಆಕಾರ ತೊಡಿಸಿದ್ದಾರೆ ಅಷ್ಟೆ. ಅದನ್ನು ಯೂನಿಕೋಡ್‌ಗೆ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇರುವ ಕ್ರಮಕ್ಕೆ, ಪರಿವರ್ತಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ, ಒಮ್ಮೆ ಹಾಕಿ ತೆಗೆಯಿರಿ. ಆಮೇಲೆ ಒತ್ತಕ್ಷರಗಳನ್ನು ಒಂದು ಸಲ ಓದಿ ನೋಡಿ, ಅಲ್ಲಲ್ಲಿ ತಪ್ಪು ಉಳಿಯುತ್ತದೆ.

ಒತ್ತಕ್ಷರ ಅಂದಾಗ ನೆನಪಾಯಿತು, ಸಿಎಸ್‌ಎಸ್‌ನಲ್ಲಿ ಸಾಲಿನ ಎತ್ತರವನ್ನು 1.6 ಅಥವಾ ಸ್ವಲ್ಪ ಜಾಸ್ತಿ ಇಡಿ. ಇಂಗ್ಲಿಷ್ ಪುಟದ ಅಳತೆಯನ್ನೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ.

ಪಡುಬಿದ್ರಿ, ಮಂಗಳೂರಿನಲ್ಲಿ ವಾಸ

ಕನ್ನಡ ಟೈಪಿಂಗಿನ ಮಾತು ಬಂತಲ್ಲ, ಒಂದು ವಿಷಯ ಸೇರಿಸುತ್ತೇನೆ. ಇವತ್ತು ಎಷ್ಟೋ ಮಂದಿ ಬಳಸುವ ಕನ್ನಡ ಕೀಲಿಮಣೆಯ ವಿನ್ಯಾಸ ರೂಪಿಸಿದ ಕೆ.ಪಿ. ರಾವ್ ನಮ್ಮ ಮಂಗಳೂರು ಹತ್ತಿರದ ಕಿನ್ನಿಕಂಬಳದವರು. ಅದು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ನನ್ನ ಪ್ರಶ್ನೆ, ತುಳುವಿನಲ್ಲಿ ಪುಟ ಮಾಡಬಹುದಾ? ತುಳು ಲಿಪಿಯಲ್ಲಿ?

ಹಂಪನಕಟ್ಟೆ, ಮಂಗಳೂರು

ಮಾಡಬಹುದು. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ನೇ ಆವೃತ್ತಿಗೆ ಸೇರಿತು. ಆದರೆ ನೋಡುವವರ ಫೋನಿನಲ್ಲಿ ಫಾಂಟ್ ಇರುವುದಿಲ್ಲ, ಹಾಗಾಗಿ ಫಾಂಟನ್ನು ಪುಟದ ಜೊತೆ ಕಳಿಸಲೇಬೇಕು. ಕನ್ನಡ ಲಿಪಿಯಲ್ಲಿ ತುಳು ಬರೆದರೆ ಯಾವ ತೊಂದರೆಯೂ ಇಲ್ಲ, ತುಳು ವಿಕಿಪೀಡಿಯ 2016ರಿಂದ ಹಾಗೆಯೇ ನಡೆಯುತ್ತಿದೆ. ಪುಟದ ಭಾಷೆ ಹೇಳುವ ಕಡೆ ಕನ್ನಡಕ್ಕೆ ಕೆಎನ್, ತುಳುವಿಗೆ ಟಿಸಿವೈ ಅಂತ ಬರೆಯಿರಿ.

ಮತ್ತೆ, ಮೇಲೆ ನಾನು ಹೇಳಿದ್ದರ ಬಗ್ಗೆ. ವ್ಯೂಪೋರ್ಟ್ ಕಥೆ ಓದಿದ ಮೇಲೆ ನಮ್ಮ ಆಫೀಸಿಗೆ ಹೊಸದಾಗಿ ಬರುವ ಹುಡುಗರು ನೆನಪಾದರು. ದೊಡ್ಡ ದೊಡ್ಡ ಫ್ರೇಮ್‌ವರ್ಕ್ ಹೆಸರು ಹೇಳುತ್ತಾರೆ, ಒಂದು ಫಾರ್ಮ್ ಯಾಕೆ ಕಳಿಸುತ್ತಿಲ್ಲ ಅಂತ ಕೇಳಿದರೆ ಎಲ್ಲಿಂದ ಹುಡುಕಬೇಕು ಅಂತ ಗೊತ್ತಾಗುವುದಿಲ್ಲ. ಮೊದಲ ಒಂದು ತಿಂಗಳು ಕೈಯಲ್ಲೇ ಬರೆಯಲಿ, ಒಪ್ಪುತ್ತೇನೆ. ಆಮೇಲೆ ಎಐ ಕೊಟ್ಟದ್ದನ್ನು ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಬರುತ್ತದೆ.

ಕಂಗಿನ ತೋಟ, ಕಾರ್ಕಳ

ನನ್ನ ಹತ್ತಿರ ಲ್ಯಾಪ್‌ಟಾಪ್ ಇಲ್ಲ, ಫೋನ್ ಮಾತ್ರ. ಕ್ಲಾಸಿನ ಗೆಳೆಯ ವಾಟ್ಸಾಪಿನಲ್ಲಿ ಕೋಡ್ ಕಳಿಸಿದ, ಕಾಪಿ ಮಾಡಿ ಹಾಕಿದರೆ ಕೊಂಡಿ ಕೆಲಸ ಮಾಡುತ್ತಿಲ್ಲ. ಅವನಲ್ಲಿ ಸರಿ ಇದೆ. ಫೋನಿನಲ್ಲಿ ಕಲಿಯುವುದೇ ಬೇಡವಾ?

ನೇತ್ರಾವತಿ ದಂಡೆ, ಬಂಟ್ವಾಳ

ಖಂಡಿತ ಕಲಿಯಬಹುದು. ಫೋನಿಗೂ ಕೋಡ್ ಬರೆಯುವ ಉಚಿತ ಆ್ಯಪ್‌ಗಳಿವೆ. ನಿಮ್ಮ ತೊಂದರೆ ಉದ್ಧರಣ ಚಿಹ್ನೆಯದ್ದು ಇರಬೇಕು. ಕೋಡಿನಲ್ಲಿ ಇರಬೇಕಾದದ್ದು ನೆಟ್ಟಗಿನ ಚಿಹ್ನೆ. ಚಾಟ್‌ಗೆ ಟೈಪ್ ಮಾಡುವಾಗ ಕೆಲವು ಕೀಬೋರ್ಡ್‌ಗಳು, ವರ್ಡ್ ಕೂಡ, ಅದನ್ನು ಚಂದಕ್ಕೆ ಬಾಗಿಸಿಬಿಡುತ್ತವೆ. ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಥರ, ಬ್ರೌಸರ್‌ಗೆ ಪೂರ್ತಿ ಬೇರೆ ಅಕ್ಷರ. ಬಾಗಿದ್ದನ್ನೆಲ್ಲ ಅಳಿಸಿ ನೀವೇ ಹೊಸದಾಗಿ ಟೈಪ್ ಮಾಡಿ. ಕೋಡನ್ನು ಮೆಸೇಜಾಗಿ ಕಳಿಸದೆ ಫೈಲಾಗಿಯೇ ಕಳಿಸಲು ಗೆಳೆಯನಿಗೆ ಹೇಳಿ.

ತೆಂಕು ದಿಕ್ಕು, ಉಳ್ಳಾಲ

ಎಲ್ಲರಲ್ಲೂ ಒಂದು ವಿನಂತಿ. ನನಗೆ ಕಣ್ಣು ಕಾಣುವುದಿಲ್ಲ, ಪರದೆ ಓದುವ ತಂತ್ರಾಂಶ ಬಳಸಿ ಈ ಚರ್ಚೆ ಓದುತ್ತಿದ್ದೇನೆ. ನಮ್ಮ ಕಡೆಯ ಸೈಟುಗಳಲ್ಲಿ ಜಾತ್ರೆಯ ಆಮಂತ್ರಣ, ಯಕ್ಷಗಾನದ ಆಟದ ದಿನಾಂಕ, ಬಸ್ಸಿನ ಸಮಯ ಎಲ್ಲವನ್ನೂ ಚಿತ್ರವಾಗಿ ಹಾಕುತ್ತಾರೆ. ನನಗೆ ಅಲ್ಲಿ "ಚಿತ್ರ" ಅಂತ ಮಾತ್ರ ಕೇಳುತ್ತದೆ. ಬರಹವನ್ನು ಬರಹವಾಗಿಯೇ ಹಾಕಿ. ಫೋಟೋ ಹಾಕಿದರೆ ಆಲ್ಟ್ ಅನ್ನುವ ಕಡೆ ಅದರಲ್ಲಿ ಏನಿದೆ ಅಂತ ಒಂದು ಸಾಲು ಬರೆಯಿರಿ. ಪುಟದ ಭಾಷೆ ಕೆಎನ್ ಅಂತ ಇಲ್ಲದಿದ್ದರೆ ನನ್ನ ತಂತ್ರಾಂಶ ಕೆಲವು ಸಲ ಕನ್ನಡವನ್ನು ಇಂಗ್ಲಿಷ್ ಧ್ವನಿಯಲ್ಲಿ ಓದಲು ಹೋಗಿ ಏನೂ ಹೇಳದೆ ದಾಟಿಬಿಡುತ್ತದೆ. ತಲೆಬರಹಕ್ಕೆ ಎಚ್ 1, ಎಚ್ 2 ಹಾಕಿದರೆ ನಾನು ಒಂದು ಗುಂಡಿ ಒತ್ತಿ ತಲೆಬರಹದಿಂದ ತಲೆಬರಹಕ್ಕೆ ಹಾರಬಹುದು. ಅಕ್ಷರವನ್ನು ಸುಮ್ನೆ ದಪ್ಪ ಮಾಡಿದರೆ ಹಾಗೆ ಹಾರಲು ಆಗುವುದಿಲ್ಲ.

ಸೀತಾನದಿ, ಬ್ರಹ್ಮಾವರ

ತುಂಬ ಉಪಕಾರ. ಆಲ್ಟ್ ಅನ್ನು ನಾನು ಐದನೇ ವಾರಕ್ಕೆ ಅಂತ ಇಟ್ಟಿದ್ದೆ, ಅದು ತಪ್ಪು. ಚಿತ್ರ ಹಾಕುವುದನ್ನು ಕಲಿಸುವ ದಿನವೇ ಇನ್ನು ಮುಂದೆ ಕಲಿಸುತ್ತೇನೆ.

ಮಲ್ಲಿಗೆ ಅಂಗಳ, ಶಂಕರಪುರ

ಪುಟ ಈಗ ಚೆನ್ನಾಗಿ ಕಾಣುತ್ತಿದೆ, ಫೋಟೋಗೆ ಆಲ್ಟ್ ಬರೆದೆ. ದಿನಾ ಬೆಳಿಗ್ಗೆ ಫೋನಿನಲ್ಲೇ ಗಿಟ್‌ಹಬ್ ತೆರೆದು ದರದ ಸಂಖ್ಯೆ, ತಾರೀಕು ಎರಡನ್ನೂ ಬದಲಿಸುತ್ತೇನೆ. ಇದಕ್ಕೆ ಡೇಟಾಬೇಸ್ ಕಲಿಯಬೇಕಾ ಅಂತ ಹೆದರಿದ್ದೆ, ದಿನಕ್ಕೆ ಒಂದು ಸಂಖ್ಯೆಗೆ ಅದು ಬೇಡ ಅಂತ ಹಂಪನಕಟ್ಟೆಯವರೇ ಹೇಳಿಕೊಟ್ಟರು. ತಾರೀಕು ಇರಲೇಬೇಕು ಅಂದವರೂ ಅವರೇ. ಹಳೆಯ ಪುಟ ಕೆಲವರ ಫೋನಿನಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದಂತೆ, ತಾರೀಕು ಇಲ್ಲದಿದ್ದರೆ ನಿನ್ನೆಯ ದರವನ್ನೇ ಇವತ್ತಿನದು ಅಂದುಕೊಳ್ಳುತ್ತಾರೆ.

ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಲೆಕ್ಕದ ಪೆಟ್ಟಿಗೆಯನ್ನೂ ಮಾಡಿದೆ. ಎಷ್ಟು ಅಟ್ಟೆ ಅಂತ ಬರೆದು ಗುಂಡಿ ಒತ್ತಿದರೆ ಒಟ್ಟು ಮೊತ್ತ ಬರುತ್ತದೆ. ನಾಲ್ಕು ಚೆಂಡು ಹೂವಿಗೆ ಒಂದು ಅಟ್ಟೆ, ಹಾಗಾಗಿ ಚೆಂಡಿನ ದರವನ್ನೂ ನಾಲ್ಕರಿಂದ ಭಾಗಿಸಿ ತೋರಿಸುತ್ತದೆ. ದರ 800 ಅಂತ ಇಟ್ಟು 2 ಬರೆದರೆ 1600 ಅಂತ ಸರಿಯಾಗಿ ಬಂತು. ಅಮ್ಮನ ಫೋನಿನಲ್ಲಿ ಮಾತ್ರ ಎನ್, ಎ, ಎನ್ ಅಂತ ಮೂರು ಇಂಗ್ಲಿಷ್ ಅಕ್ಷರ ಬರುತ್ತದೆ. ಅಮ್ಮ ಬರೆದದ್ದು ೨. ಅವರ ಕೀಬೋರ್ಡ್ ಕನ್ನಡದ್ದು.

ಸೀತಾನದಿ, ಬ್ರಹ್ಮಾವರ

ಇದು ಒಳ್ಳೆಯ ತೊಂದರೆ! ಆ ಮೂರು ಅಕ್ಷರದ ಅರ್ಥ "ಇದು ಸಂಖ್ಯೆ ಅಲ್ಲ" ಅಂತ. ಜಾವಾಸ್ಕ್ರಿಪ್ಟ್‌ಗೆ ೨ ಅನ್ನುವುದು ಸಂಖ್ಯೆ ಅಂತ ಗೊತ್ತಿಲ್ಲ, ಅದಕ್ಕೆ ಅದು ಕ, ಮ ಇದ್ದ ಹಾಗೆ ಒಂದು ಅಕ್ಷರ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಯೂನಿಕೋಡ್ ಕೊಟ್ಟ ಒಂದು ಸಂಖ್ಯೆ ಇರುತ್ತದೆ. ಉಡುಪಿ ಅಂತ ಬರೆದರೆ ನಮಗೆ ಮೂರು ಅಕ್ಷರ, ಯೂನಿಕೋಡಿಗೆ ಐದು: ಉ, ಡ, ಉಕಾರದ ಗುರುತು, ಪ, ಇಕಾರದ ಗುರುತು. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 15.

ಕನ್ನಡದ ಸೊನ್ನೆಯ ಸಂಖ್ಯೆ 3302. ಒಂದರದ್ದು 3303, ಎರಡರದ್ದು 3304, ಹೀಗೆ ಒಂಬತ್ತರದ್ದು 3311. ಸಾಲಾಗಿ ಕೂರಿಸಿದ್ದಾರೆ, ಅದೇ ನಮಗೆ ಅನುಕೂಲ. ಅಮ್ಮ ಬರೆದ ಅಕ್ಷರದ ಸಂಖ್ಯೆ 3302ರಿಂದ 3311ರೊಳಗೆ ಇದ್ದರೆ ಅದರಿಂದ 3302 ಕಳೆಯಿರಿ. 3304ರಿಂದ 3302 ಕಳೆದರೆ 2. ಬೇರೆ ಅಕ್ಷರ ಆದರೆ ಹಾಗೇ ಬಿಡಿ. ಒಂದು ಎಚ್ಚರ, ೧೨ ಅಂತ ಬರೆದರೆ ಒಂದೊಂದನ್ನೂ ಬೇರೆ ಬೇರೆ ಬದಲಿಸಿ ಪಕ್ಕ ಪಕ್ಕ ಜೋಡಿಸಬೇಕು, ಕೂಡಿಸಬಾರದು. ಕೂಡಿಸಿದರೆ 3 ಆಗಿಬಿಡುತ್ತದೆ. ಜೋಡಿಸಿ ಆದ ಮೇಲೆ ಸಂಖ್ಯೆ ಅಂತ ಪರಿವರ್ತಿಸಿ, ಗುಣಿಸಿ.

ಹಂಪನಕಟ್ಟೆ, ಮಂಗಳೂರು

ನಾನು ಇಷ್ಟು ವರ್ಷದಲ್ಲಿ ಎಷ್ಟು ಫಾರ್ಮ್ ಮಾಡಿದ್ದೇನೆ, ಕನ್ನಡ ಅಂಕಿ ಹಾಕಿ ಒಮ್ಮೆಯೂ ನೋಡಿರಲಿಲ್ಲ. ನಾಳೆ ಆಫೀಸಿನಲ್ಲಿ ಎಲ್ಲವನ್ನೂ ನೋಡುತ್ತೇನೆ.

ಮಲ್ಲಿಗೆ ಅಂಗಳ, ಶಂಕರಪುರ

ಎರಡು ದಿನ ಹಿಡಿಯಿತು. ಮೊದಲು ನೀವು ಬೇಡ ಅಂದದ್ದನ್ನೇ ಮಾಡಿ, ಕೂಡಿಸಿಬಿಟ್ಟು 3 ಅಟ್ಟೆಯ ಲೆಕ್ಕ ಬಂತು. ಜೋಡಿಸಿದ ಮೇಲೆ ಸರಿಯಾಯಿತು. ಇವತ್ತು ಬೆಳಿಗ್ಗೆ ಅಮ್ಮ ೧೨ ಬರೆದು ಒತ್ತಿದರು, ಮೊತ್ತ ಬಂತು, ಪಕ್ಕದಲ್ಲಿ ಕಾಗದದ ಮೇಲೆ ಗುಣಿಸಿ ತಾಳೆ ನೋಡಿದರು. ಆಮೇಲೆ ಮಂಗಳೂರಿನ ಚಿಕ್ಕಮ್ಮನಿಗೆ ಕೊಂಡಿ ಅವರೇ ಕಳಿಸಿದರು. ಪಕ್ಕದ ಮನೆಯ ಅಕ್ಕ ತನಗೂ ಅಂಥದ್ದು ಬೇಕು ಅಂದಿದ್ದಾರೆ. ಪುಟವನ್ನು ಅವರಿಗೆ ಫೈಲಾಗಿಯೇ ಕಳಿಸಿದ್ದೇನೆ, ಭಾನುವಾರ ಇಬ್ಬರೂ ಬ್ರಹ್ಮಾವರಕ್ಕೆ ಬರುತ್ತೇವೆ. ಕ್ಲಾಸು ಎಷ್ಟು ಗಂಟೆಗೆ?